ಒಂದು ಸಕ್ಕರೆ ಹೆಚ್ಚು

ಗಿಲ್ಲಿಂಗ್‌ಹ್ಯಾಮ್ ಆಸ್ಪತ್ರೆಯ ನೆಲಮಾಳಿಗೆ. ರಾತ್ರಿ ಮೂರೂವರೆ.
ಸೆಂಟ್ರಿಫ್ಯೂಜು ಸುತ್ತಿ ನಿಂತ ಮೇಲೆ
ಇಲ್ಲಿ ಕೇಳುವುದು ಫ್ರಿಜ್ಜುಗಳ ಗೊರಕೆ ಮಾತ್ರ.
ಅವಧಿ ಮುಗಿದ ಸೀರಮ್ಮಿನ ಸೀಸೆ
ಬಿಸಾಡುವ ಮೊದಲು ಆಟಕ್ಕೆಂಬಂತೆ
ಬೆರಳು ಚುಚ್ಚಿಕೊಂಡೆವು ಇಬ್ಬರೂ,
ನಾನು, ಮತ್ತೆ ಗ್ಯಾಂಬಿಯಾದ ಎಬ್ರಿಮಾ.

ಡಫಿ ಎನ್ನುತ್ತಾರೆ ಈ ಗುಂಪಿಗೆ,
ಪರರ ರಕ್ತ ಒಗ್ಗದ ಯಾವನೋ ರೋಗಿಯ ಹೆಸರು.
ಅವನ ಮುಖ ನಮಗೆ ಗೊತ್ತಿಲ್ಲ,
ಹೆಸರನ್ನು ಮಾತ್ರ ದಿನಕ್ಕೆ ಹತ್ತು ಸಲ ಬರೆಯುತ್ತೇವೆ.

ನನ್ನ ಕಣಗಳು ಎರಡೂ ಕೊಳವೆಯಲ್ಲಿ
ಜೆಲ್ಲಿನ ನೆತ್ತಿಯಲ್ಲೇ ಕೆಂಪು ಗೆರೆಯಾಗಿ ನಿಂತವು.
ಅವನವು ಸದ್ದಿಲ್ಲದೆ ಜಾರಿ
ತಳದಲ್ಲಿ ಬೊಟ್ಟಾಗಿ ಕೂತವು.
"ನೋಡು, ನಮ್ಮ ಮನೆಗೆ ಬಾಗಿಲೇ ಇಲ್ಲ" ಎಂದ.

ನಮ್ಮದಕ್ಕಿತ್ತು.
ಜೆಪ್ಪುವಿನ ಹಂಚಿನ ಕಾರ್ಖಾನೆ, ಹಿಂದೆ ಜೇಡಿ ತೆಗೆದ ಗುಂಡಿ,
ಗುಂಡಿಯಲ್ಲಿ ನೀರು, ನೀರಲ್ಲಿ ಹುಳ.
ವೈವಾಕ್ಸ್ ಎಂಬ ನೆಂಟ ಬಾಗಿಲು ತಟ್ಟಿ ಒಳಬಂದವನು
ಯಕೃತ್ತಿನ ಅಟ್ಟ ಹತ್ತಿ ಮಲಗುತ್ತಿದ್ದ,
ಹೋದನೆಂದು ನಾವು ನಿಟ್ಟುಸಿರು ಬಿಟ್ಟ ತಿಂಗಳಿಗೆ
ಮತ್ತೆ ಇಳಿದು ಬರುತ್ತಿದ್ದ.
ದಿನ ಬಿಟ್ಟು ದಿನ, ಮಧ್ಯಾಹ್ನದ ಪಾಳಿಯ ಸೈರನ್ನಿಗೆ ಸರಿಯಾಗಿ
ನನ್ನ ಹಲ್ಲು ಕಟಕಟ.

ಈ ಊರಿಗೂ ಅವನು ಹೊಸಬನಲ್ಲ.
ಮೆಡ್ವೇ ನದಿ ಕಡಲಿಗೆ ಕೆಸರು ಕಾರುವ ಜೌಗಿನಲ್ಲಿ
ಕುರಿ ಕಾಯುತ್ತಿದ್ದವರು, ಅವರ ಬಾಣಂತಿ ಹೆಂಡಿರು
ಇದೇ ನಡುಕದಲ್ಲಿ ಕಂಬಳಿ ಹೊದ್ದು ಕೂತಿದ್ದರು.
ಈಗ ಯಾರಿಗೂ ನೆನಪಿಲ್ಲ.
ಸೊಳ್ಳೆ ಇದೆ. ಬೇಸಿಗೆಯ ಸಂಜೆ ಬರಿಗೈಯಲ್ಲಿ ಬಂದು
ಕಚ್ಚಿ ಹೋಗುತ್ತದೆ, ಸಂದೇಶ ಮರೆತ ಅಂಚೆಯವನ ಹಾಗೆ.

ಆದರೆ ನಾನು ಹೇಳಹೊರಟಿದ್ದು ಜಯಕರನ ವಿಷಯ.

ಅವನು ನನಗಿಂತ ಎರಡು ವರ್ಷ ಚಿಕ್ಕವನು.
ಅಮ್ಮ ಕಲ್ಲುಸಕ್ಕರೆ ಹಂಚುವಾಗ
ಅವನ ಅಂಗೈಗೆ ಯಾವಾಗಲೂ ಒಂದು ಚೂರು ಹೆಚ್ಚು.
ನಾನು ಎಣಿಸುತ್ತಿದ್ದೆ. ಜಗಳ ತೆಗೆಯುತ್ತಿದ್ದೆ.
ಆ ವರ್ಷದ ಜ್ವರ ಬೇರೆ ಜಾತಿಯದು,
ಒಂದೇ ಚಾಪೆ, ಒಂದೇ ಹರಿದ ಸೊಳ್ಳೆಪರದೆ,
ಇಬ್ಬರಿಗೂ ಒಂದೇ ವಾರ.
ನಾನು ಗಂಜಿ ಕುಡಿದೆ.
ಅವನು ವೆನ್ಲಾಕಿನ ವಾರ್ಡಿನಲ್ಲಿ
ಅಪ್ಪನನ್ನು ಯಾರೋ ಎಂಬಂತೆ ನೋಡಿ
ಆಮೇಲೆ ನೋಡಲಿಲ್ಲ.

ರಕ್ತ ಬೇಕೆಂದು ಬರೆದುಕೊಟ್ಟ ಚೀಟಿ
ರೇಷನ್ ಕಾರ್ಡಿನ ಮಡಿಕೆಯಲ್ಲಿ ಬಹಳ ಕಾಲ ಇತ್ತು:
ಎ ಪಾಸಿಟಿವ್. ಅಪ್ಪನ ಗುಂಪು.
ನನಗೆ ಅಮ್ಮನದು, ಓ.

ವಿಜ್ಞಾನ ಓದಿದ ಮೇಲೆ ತಿಳಿದದ್ದು:
ಎ ಎಂದರೆ ಕಣದ ಮೈಮೇಲೆ ಒಂದು ಸಕ್ಕರೆ ಹೆಚ್ಚು.
ಓ ಎಂದರೆ ಅದು ಇಲ್ಲ, ಅಷ್ಟೆ.
ಆ ಸಕ್ಕರೆಗೆ ಸೋಂಕಿದ ಕಣ ಅಂಟುತ್ತದೆ,
ಸುತ್ತ ಒಳ್ಳೆಯ ಕಣಗಳನ್ನು ಸೇರಿಸಿಕೊಂಡು
ದಾಸವಾಳದಂತೆ ಅರಳಿ
ಮಿದುಳಿನ ಕಿರುದಾರಿಯಲ್ಲಿ ಅಡ್ಡ ಕೂರುತ್ತದೆ.

ಹಾಗೆಂದು ಓ ಕವಚವಲ್ಲ.
ಓ ಗುಂಪಿನವರೂ ಸತ್ತಿದ್ದಾರೆ, ಎ ಬದುಕಿದ್ದಾರೆ.
ಸಾವಿರ ಹಾಸಿಗೆಗಳ ಲೆಕ್ಕ ಇದು,
ಒಂದು ಹಾಸಿಗೆಯ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ.
ಗೊತ್ತು. ಹೊಸಬರಿಗೆ ನಾನೇ ಪಾಠ ಮಾಡುತ್ತೇನೆ.
ಆದರೂ ಈ ಹೊತ್ತಿನಲ್ಲಿ
ಯಾರೂ ರುಜು ಹಾಕದ ಆ ಪಾಲುಪಟ್ಟಿಯನ್ನು ಬಿಚ್ಚಿ ನೋಡುತ್ತೇನೆ:
ಮೂಗು ಇಬ್ಬರಿಗೂ ಅಪ್ಪನದು. ಸಿಟ್ಟು ನನಗೆ.
ಸಕ್ಕರೆ ಅವನಿಗೆ.

"ಬಾಗಿಲಿಲ್ಲ ಅಂದೆಯಲ್ಲ, ನಿನಗೆ ಜ್ವರವೇ ಬಂದಿರಲಿಲ್ಲವೆ?"
ಎಬ್ರಿಮಾ ನಗುತ್ತಾನೆ. "ಒಬ್ಬ ಕಳ್ಳನಿಗೆ ಬಾಗಿಲಿಲ್ಲ.
ಇನ್ನೊಬ್ಬ ಹೆಂಚು ತೆಗೆದು ಇಳಿದ, ಎರಡು ಸಲ."
ಅಂಗಿಯ ತೋಳು ಸರಿಸಿ ಸೂಜಿಯ ಹಳೆ ಗುರುತು ತೋರಿಸುತ್ತಾನೆ.

ಕೆಟಲ್ ಕುದಿಯುತ್ತದೆ.
"ಸಕ್ಕರೆ?" ಎನ್ನುತ್ತಾನೆ, ಹನ್ನೊಂದು ವರ್ಷದಿಂದ
ನಾನು ಬೇಡವೆಂದೇ ಹೇಳಿದ್ದರೂ.

ಬಾಯಿ ತೆರೆಯುವಷ್ಟರಲ್ಲಿ ಫೋನು.
ಹೆರಿಗೆ ಕೋಣೆ. ಗುಂಪು ತಿಳಿಯಲು ಸಮಯವಿಲ್ಲ,
ಎರಡು ಚೀಲ ಓ, ಈಗಲೇ.
ಫ್ರಿಜ್ಜಿನ ಬಾಗಿಲು ಎಳೆಯುತ್ತೇನೆ.
ಕೈಗೆ ತಣ್ಣಗೆ.