ಬನಿ

ಆ ಚಳಿಗಾಲ ಕುತಾಯಿಸಿಯಲ್ಲಿ ಕರೆಂಟು
ವಾರಕ್ಕೊಮ್ಮೆ ಬಂದುಹೋಗುವ ನೆಂಟ.
ಪುಸ್ತಕದ ಜೊತೆಗೊಂದು ಕಟ್ಟಿಗೆ ತಂದವರಿಗೆ
ತರಗತಿಯಲ್ಲಿ ಒಲೆಯ ಪಕ್ಕ ಜಾಗ.
ನಾನು ತಂದದ್ದು ಕುರ್ಚಿಯ ಮುರುಕು ಕಾಲು.
ಅಪ್ಪನ ಅಂಗಡಿಯಲ್ಲಿ ಅದಕ್ಕೆ ಬರವಿಲ್ಲ.

ಚಿತ್ರದ ಮೇಷ್ಟ್ರು ಮುರ್ಮಾನ್
ಕೋಟಿನ ಜೇಬಿನಿಂದ ಕೈ ತೆಗೆಯದೆ
ಗದ್ದದಿಂದಲೇ ಹಲಗೆ ತೋರಿಸಿ ಅಂದರು:
'ಸೋಮವಾರಕ್ಕೆ ಒಂದು ಕುರ್ಚಿ.
ಆದರೆ ಕುರ್ಚಿಯನ್ನು ಬರೆಯಬೇಡಿ.
ಕಾಲುಗಳ ನಡುವೆ, ಬೆನ್ನಿನ ಪಟ್ಟಿಗಳ ನಡುವೆ
ಏನೂ ಇಲ್ಲವಲ್ಲ, ಅದನ್ನು ಬರೆಯಿರಿ.'
ಹಿಂದಿನ ಬೆಂಚಿನ ಗೋಚಾ ಕೇಳಿದ:
'ಏನೂ ಇಲ್ಲದ್ದಕ್ಕೆ ಯಾವ ಬಣ್ಣ, ಮೇಷ್ಟ್ರೇ?'
'ನಿನ್ನ ಹತ್ತಿರ ಯಾವುದಿದೆ?'
'ನೀಲಿ. ಅದೂ ಗೆಣ್ಣುದ್ದ.'
'ಹಾಗಾದರೆ ನೀಲಿ.'

ಸಂಗೀತದ ಮಕ್ವಾಲಾ ಟೀಚರು ಅದೇ ದಿನ
ಮೂರು ದನಿ ಹಂಚಿದರು.
ಮೇಲಿನದು ಇರ್ಮಾಗೆ, ಹುಟ್ಟುತ್ತಲೇ ಸಿಳ್ಳೆ ನುಂಗಿದವಳು.
ಕಥೆ ಹೇಳುವ ನಡುದನಿ ಅವಳ ತಂಗಿಗೆ.
ಕೆಳಗಿನದು ನನಗೆ.
ನಮ್ಮವರು ಅದನ್ನು ಬನಿ ಎನ್ನುತ್ತಾರೆ.
ಮಾತಿಲ್ಲ, ತಿರುವಿಲ್ಲ, ಒಂದೇ ಒಂದು 'ಓ'.
ನಾಲ್ಕು ನಿಮಿಷ ಹಿಡಿದು ಕಲಿತು ಬಾ,
ಉಸಿರು ಕದ್ದದ್ದು ಗೊತ್ತಾಗಬಾರದು, ಅಂದರು.
ಒಂದೇ ಸ್ವರಕ್ಕೆ ಎಷ್ಟು ಮಾರ್ಕು ಕೊಟ್ಟಾರು?
ದಾರಿಯುದ್ದಕ್ಕೂ ಹಿಮ ಒದೆಯುತ್ತ ಬಂದೆ.

ಮನೆಯಲ್ಲಿ ಕಾಗದವೆಂದರೆ
ಬಾಗಿಲು ಹಾಕಿದ ಲಾರಿ ಕಾರ್ಖಾನೆಯ ಬೇಡಿಕೆ ಪತ್ರ,
ಕೊನೆಯ ತಿಂಗಳ ಸಂಬಳದ ಬದಲು
ಅಪ್ಪ ಹೊತ್ತು ತಂದ ಎರಡು ಕಟ್ಟು.
ಹಾಳೆಯ ಬೆನ್ನಿಗೆ ಬರೆದರೆ ಹೊಟ್ಟೆಯ ಅಚ್ಚು ಕಾಣುತ್ತದೆ:
ಗೇರ್ ಪೆಟ್ಟಿಗೆ, ಎಷ್ಟು? ಹಿಂಗಾಲಿ, ಎಷ್ಟು?
ಮೊದಲ ಹಾಳೆಯಲ್ಲಿ ಕುರ್ಚಿಯೇ ಬಂತು.
ಎರಡನೆಯದರಲ್ಲೂ ಕುರ್ಚಿ.
ಮೂರನೆಯದರಲ್ಲಿ ಕತ್ತೆ.
ನಾಲ್ಕನೆಯದನ್ನು ಒಲೆಗೆ ಹಾಕಿದೆ, ಚೆನ್ನಾಗಿ ಉರಿಯಿತು.

ಅಪ್ಪ ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ನೋಡಿದ.
ಅಂಗೈಗೆ ಉಗುಳಿ, ಎಣಿಸಿಕೊಂಡು ಹೇಳಿದ:
'ನಾನು ರಿಪೇರಿ ಮಾಡುವುದೂ ಅದನ್ನೇ.
ಸಂದು ಸರಿಯಿದ್ದರೆ ಕುರ್ಚಿ ತಾನೇ ನಿಲ್ಲುತ್ತೆ.'
ಒಂದು ಮೊಳೆ ಕಡಿಮೆ ಬಂತು.
ಹುಡುಕಲು ಮೇಣದ ಬತ್ತಿಯನ್ನು ಕೆಳಗಿಳಿಸಿ
ಕುರ್ಚಿಯ ಹಿಂದೆ ನೆಲಕ್ಕಿಟ್ಟ, ಅಷ್ಟೆ.

ಎದುರು ಗೋಡೆಯ ಮೇಲೆ
ಬೆಳಕಿನ ಐದು ಪಟ್ಟಿ ಎದ್ದು ನಿಂತವು,
ಅವುಗಳ ಕೆಳಗೆ ಒಂದು ಸೊಟ್ಟ ಬಾಗಿಲು.
'ಬತ್ತಿ ಮುಟ್ಟಬೇಡ, ನೀನೂ ಅಲುಗಾಡಬೇಡ!'
ಬಗ್ಗಿದವನು ಬಗ್ಗಿದಂತೆಯೇ ಉಳಿದ,
ಸೊಂಟದ ಮೇಲೊಂದು ಕೈ.
ನಾನು ಗೋಡೆಗೇ ಕಾಗದ ಒತ್ತಿ
ಬೆಳಕಿನ ಅಂಚಿಗೆ ಪೆನ್ಸಿಲು ಎಳೆದೆ.
ಎಳೆಯುತ್ತ ಯಾವಾಗ ಶುರುವಾಯಿತೋ ಆ 'ಓ',
ನನಗೇ ಕೇಳಿಸಲಿಲ್ಲ.

ಕೇಳಿಸಿದ್ದು ಅಪ್ಪನಿಗೆ.
ಬಗ್ಗಿದಲ್ಲಿಂದಲೇ ನಡುದನಿ ಹಿಡಿದ.
ಎರಡು ಸಾಲಿಗೆ ಪದ ಮರೆಯಿತು.
ನಿಲ್ಲಿಸಲಿಲ್ಲ, ಅದೇ ಮಟ್ಟಿಗೆ ಹಾಕಿದ:
ಗೇರ್ ಪೆಟ್ಟಿಗೆ... ಓ ಹಿಂಗಾಲಿ... ನಟ್ಟು ಹದಿನಾಲ್ಕು...
ಹದಿನೆಂಟು ವರ್ಷ ಕೈಯಲ್ಲಿ ಹಾದುಹೋದದ್ದೆಲ್ಲ
ಒಂದೊಂದಾಗಿ ಹಾಡಿನೊಳಗೆ ಬಂದು ಕೂತಿತು.
ನಗು ಬಂತು. ನಕ್ಕರೆ ಸ್ವರ ಬಿಡುತ್ತಿತ್ತು.
ಬಿಟ್ಟರೆ ಅವನು ಬೀಳುತ್ತಾನೆ ಅನ್ನಿಸಿ
ಹಲ್ಲು ಕಚ್ಚಿ, ಮೂಗಿನಲ್ಲಿ ಉಸಿರು ಕದ್ದು
ಹಿಡಿದುಕೊಂಡೆ.
ಎಷ್ಟು ನಿಮಿಷವೋ. ಗಡಿಯಾರವೂ ಕರೆಂಟಿನದು.

ಸೋಮವಾರ ಮುರ್ಮಾನ್ ಐದಕ್ಕೆ ನಾಲ್ಕು ಕೊಟ್ಟರು,
ಬತ್ತಿ ಅಲುಗಾಡಿದ್ದು ಗೆರೆಯಲ್ಲಿ ಗೊತ್ತಾಗುತ್ತೆ ಅಂದರು.
ಐದು ಬಂದದ್ದು ಗೋಚಾಗೆ.
ನೀಲಿ ಸಾಲದೆ ಅವನ ಕುರ್ಚಿ ಅರ್ಧಕ್ಕೆ ನಿಂತಿತ್ತು.

ಹಾಡಿನ ಪರೀಕ್ಷೆ ನಡೆಯಲೇ ಇಲ್ಲ.
ಇರ್ಮಾಗೆ ಜ್ವರ, ಆಮೇಲೆ ಶಾಲೆಗೆ ರಜೆ,
ಆಮೇಲೆ ಟೀಚರೇ ಊರು ಬಿಟ್ಟರು.
ಅವರ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ
ಒಂದು ಖಾಲಿ ಚೌಕ ಉಳಿದಿರಬೇಕು.
ಸುತ್ತಲಿನ ಗೆರೆ ಬಿಟ್ಟು, ಅದನ್ನೊಂದನ್ನೇ
ಬರೆಯಿರಿ ಅಂದರೆ ಈಗ ಬರೆದೇನು.