ದಾನಿ ಸಂಖ್ಯೆ ಹನ್ನೊಂದು

ಸೋಮವಾರ, ಬುಧವಾರ, ಶುಕ್ರವಾರ,
ಗ್ರೋನಿಂಗೆನ್ನಿನ ಕಾಲುವೆಗಳಿಂದ ಕತ್ತಲಿನ್ನೂ ಎದ್ದಿರುವುದಿಲ್ಲ,
ವೀಬ್ರನ್ ಸೈಕಲ್ಲಿಗೆ ನೀಲಿ ಡಬ್ಬಿ ಬಿಗಿದುಕೊಂಡು ಬರುತ್ತಾನೆ.
ಮೀನು ತಂದವನ ಹಾಗೆ ಕಿಟಕಿಯಲ್ಲಿಟ್ಟು
‘ಬಿಸಿಬಿಸಿ ಇದೆ’ ಅನ್ನುತ್ತಾನೆ.
ಪ್ರತಿ ಸಲವೂ ಅದೇ ಜೋಕು. ಪ್ರತಿ ಸಲವೂ ನಗುತ್ತೇನೆ.

ಐವತ್ತೆಂಟು ವಯಸ್ಸು. ಸೇತುವೆ ಕಾಯುವ ಕೆಲಸ:
ದೋಣಿ ಬಂದರೆ ಎತ್ತು, ದಾಟಿದರೆ ಇಳಿಸು.
ಹುಳಿ ಬಂದ ಎಲೆಕೋಸು, ಕಪ್ಪು ರೊಟ್ಟಿ, ಒಂಬತ್ತಕ್ಕೆ ನಿದ್ದೆ.
ಆಂಟಿಬಯಾಟಿಕ್ ಮುಟ್ಟಿ ಹದಿನಾಲ್ಕು ವರ್ಷ.
ನೂರು ಜನರನ್ನು ಸುರಿದ ನಮ್ಮ ಜರಡಿಯಲ್ಲಿ
ನಿಂತ ಮೂರು ಕಾಳುಗಳಲ್ಲಿ ಒಂದು.

ಸೋಸಿ, ತೊಳೆದು, ಮೈನಸ್ ಎಂಬತ್ತರಲ್ಲಿ ಮಲಗಿಸುತ್ತೇನೆ
ಹೆಸರಿದ್ದವರನ್ನು, ಬರೀ ನಂಬರಿನವರನ್ನು,
ಗಾಳಿ ಸೋಕಿದರೇ ಸಾಯುವ ನಾಚಿಕೆಯವರನ್ನು.
ಆಮೇಲೆ ಕ್ಯಾಪ್ಸೂಲು.

ಮೂರನೇ ಮಹಡಿಯಲ್ಲಿ ಯೆಟ್ಸ್ಕೆ ಅದನ್ನು ನುಂಗುತ್ತಾಳೆ.
ಎರಡು ವರ್ಷದಿಂದ ಮನೆಯ ಪರದೆ ಸರಿಸದವಳು.
ಒಳಗಿರುವುದು ವೀಬ್ರನ್ನೋ, ಬರೀ ಗಂಜಿಪುಡಿಯೋ
ಅವಳಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ.
ಬೀಗ ಹಾಕಿದ ಒಂದು ಲಕೋಟೆಗೆ ಗೊತ್ತು.
ಮೊನ್ನೆ ಅಂದಳಂತೆ:
ಯಾರ ಮನೆಯಲ್ಲೋ ಈರುಳ್ಳಿ ಹುರಿಯುತ್ತಿದ್ದರು,
ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತೆ.
ಅಷ್ಟೇ.
ನಮ್ಮ ಪ್ರಶ್ನಾವಳಿಯಲ್ಲಿ ಈರುಳ್ಳಿಗೆ ಚೌಕವಿಲ್ಲ.
ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು.

ಈ ಬುಧವಾರ ವೀಬ್ರನ್ ಜೋಕು ಹೇಳಲಿಲ್ಲ.
ಫಾರಂ ತಳ್ಳಿದ. ಏಳನೇ ಪ್ರಶ್ನೆ:
ಕಳೆದ ಎರಡು ವಾರಗಳಲ್ಲಿ ಏನೂ ಬೇಡವೆನಿಸಿದ್ದುಂಟೆ?
ಉಂಟು.
ಗುರುತು ಎಷ್ಟು ಒತ್ತಿ ಹಾಕಿದ್ದನೆಂದರೆ
ಕಾಗದ ಬೆನ್ನಲ್ಲಿ ಉಬ್ಬಿತ್ತು.

‘ಸೇತುವೆಗೆ ಕ್ಯಾಮೆರಾ ಕೂರಿಸಿದರು.
ಊರಾಚೆ ಯಾವುದೋ ಕೋಣೆಯಲ್ಲಿ ಕೂತು ಒಬ್ಬ ಹುಡುಗಿ
ಒಂಬತ್ತು ಸೇತುವೆ ಎತ್ತುತ್ತಾಳೆ. ಒಳ್ಳೆಯ ಹುಡುಗಿ.
ಆದರೆ ಹಲಗೆ ನಡುಗುವುದು ಅವಳ ಕಾಲಿಗೆ ಗೊತ್ತಾಗುವುದಿಲ್ಲ.’

ನಿಯಮವಿದೆ. ಡಬ್ಬಿಯನ್ನು ವಾಪಸು ಸರಿಸಿದೆ.
‘ಅಂದರೆ ನಾನು ಕೆಟ್ಟೆನೇ?’
ಇಲ್ಲ, ಇವತ್ತಿನದು ಬೇಡ, ಅಷ್ಟೇ ಎಂದೆ.
ಸುದ್ದಿ ಮೊದಲು ತಲೆಗೆ ಮುಟ್ಟಿ ಕರುಳಿಗಿಳಿಯಿತೋ,
ಕರುಳಿಗೇ ಮುಟ್ಟಿ ತಲೆಗೇರಿತೋ,
ಹನ್ನೆರಡು ವರ್ಷ ಈ ಕಿಟಕಿಯಲ್ಲಿ ಕೂತವಳು,
ನನಗೆ ತಿಳಿಯದು.

ಹೊರಟವನು ತಿರುಗಿದ.
‘ಅಕ್ಟೋಬರಿನದು ಉಳಿದಿದೆಯಾ? ನನ್ನದು?
ಒಂದಿಷ್ಟು ನನಗೇ ಕೊಡಲಾಗುತ್ತದಾ?’

ಜೋಕಿರಬಹುದು. ನಗಬೇಕಿತ್ತು.
ಕೈಗವಸು ತೊಟ್ಟು ಒಳಗೆ ಹೋಗಿ, ನಾಲ್ಕನೇ ಅರೆ,
ಮಂಜು ಒರೆಸಿ ಓದಿದೆ. ನಲವತ್ತು ಶೀಶೆ ವೀಬ್ರನ್,
ಸೇತುವೆಯಿನ್ನೂ ಅವನ ಕೈಯಲ್ಲಿದ್ದಾಗಿನವನು, ಗಾಢ ನಿದ್ದೆಯಲ್ಲಿ.
ಮತ್ತೊಮ್ಮೆ ಎಣಿಸಿದೆ.
ಬಾಗಿಲು ತೆರೆದು ಬಹಳ ಹೊತ್ತಾಯಿತೆಂದು
ಫ್ರೀಜರು ಕೂಗತೊಡಗಿತು.