ತೇವ

ಲುಂಗಿಯ ಬಲಗಡೆ, ಚಪ್ಪೆಮೂಳೆ ಒತ್ತುವಲ್ಲಿ
ನಸುಕಿಗೆ ನಾಲ್ಕಾಣೆ ಅಗಲದ ತೇವ.
ಬೆವರು ಅಂದೆ.
ಕಾಳಮ್ಮ ಮೂಸಿ ನೋಡಿದಳು, ಏನೂ ಅನ್ನಲಿಲ್ಲ.
ಒಲೆಯ ಮೇಲಿನ ಹಾಲು ಇಳಿಸಿ
ಅಟ್ಟದ ಮೇಲೆ ಎಕ್ಸ್‌ರೇ ಚೀಲ ಹುಡುಕತೊಡಗಿದಳು.

ಇದು ಎರಡನೇ ಸಲ.
ಅಶೋಕ ರೋಡಿನ ರೈಲ್ವೆ ಗೇಟು ಬಿದ್ದಿತ್ತು.
ಆಟೋದೊಳಗೆ ಒಂದೇ ಕುಂಡೆಯ ಮೇಲೆ ಕೂತು
ಗೂಡ್ಸಿನ ಡಬ್ಬಿ ಎಣಿಸಿದೆ, ಐವತ್ತೆಂಟು.

ನಾನು ಲೇತಿನ ಮನುಷ್ಯ.
ಮೂವತ್ತೊಂದು ವರ್ಷ ಪಿ.ಬಿ. ರೋಡಿನ ಶೆಡ್ಡಿನಲ್ಲಿ
ಬೋರ್‌ವೆಲ್ ಮೋಟಾರಿನ ಶಾಫ್ಟು, ಬುಷ್ಷು, ಹಲ್ಲುಚಕ್ರ.
ಕೂದಲೆಳೆ ಹೆಚ್ಚಾದರೆ ಅಳತೆಗಿಂತ ಮೊದಲು
ಬೆರಳು ಹೇಳುತ್ತದೆ.
ಹೊಸ ಕೀಲು ಹಾಕುವ ಮುಂಚೆ ದೊಡ್ಡ ಡಾಕ್ಟರು
ಚೆಂಡು, ಬಟ್ಟಲು ಅಂತ ಚಿತ್ರ ಬರೆದು ತೋರಿಸಿದಾಗ
‘ಗೊತ್ತು ಬಿಡಿ ಸಾರ್, ಬಾಲು ಸಾಕೆಟ್ಟು’ ಅಂದಿದ್ದೆ.
ಗರ್ವ ಇತ್ತು ಅನ್ನಿ.

ಹೋದ ವರ್ಷ ಕೀವು ಬಂದಾಗ ಬರೀ ತೊಳೆದು ಹೊಲಿದರು.
ಈ ಸಲ ಎಲ್ಲ ಕಳಚಿದರು.
ಕಾಡಿ ಬೇಡಿ ಆ ಗುಂಡು ಇಸಕೊಂಡೆ.
ಕಿಟಕಿ ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಾಡಿಸಿದೆ.
ಒಂದು ಗೀರಿಲ್ಲ. ತುಕ್ಕಿನ ಚುಕ್ಕೆಯಿಲ್ಲ.
ಇಂಥ ಫಿನಿಶು ನನ್ನ ಜನ್ಮದಲ್ಲಿ ತೆಗೆದವನಲ್ಲ.
ಹಂಗಾರೆ ತಪ್ಪು ಯಾರದು?

‘ನೀರಿನ ತೊಟ್ಟಿ ತೊಳೆದಿದ್ದೀರಾ?’
ರಾತ್ರಿ ಡ್ಯೂಟಿಯ ಹುಡುಗಿ ಡಾಕ್ಟರು, ನುಸ್ರತ್,
ಬ್ಯಾಂಡೇಜು ಬಿಚ್ಚುತ್ತಾ ಕೇಳಿದಳು.
‘ಒಳಗೋಡೆಗೆ ಲೋಳೆ ಕಟ್ಟುತ್ತಲ್ಲ, ಹಾಗೆ.
ಮೇಲೆ ಎಷ್ಟು ಔಷಧಿ ಸುರಿದರೂ
ಅದರಡಿಯ ಸಂಸಾರಕ್ಕೆ ತಟ್ಟಲ್ಲ.
ಉಕ್ಕಿನೊಳಗೆ ರಕ್ತ ಹರಿಯಲ್ಲ ನೋಡಿ,
ಕಾವಲಿಗೆ ಯಾರು ಬರಬೇಕು ಅಲ್ಲಿಗೆ?’

ಈಗ ಆ ಜಾಗದಲ್ಲಿ ಔಷಧಿ ಕಲಸಿದ ಸಿಮೆಂಟಿನ ಮುದ್ದೆ.
ದಿನಾ ಇಷ್ಟಿಷ್ಟೇ ಒಸರಿ
ಬಾಡಿಗೆ ಕೊಡದವರನ್ನು ಎಬ್ಬಿಸಬೇಕಂತೆ.
ಕಾಲು ಎರಡು ಬೆರಳು ಗಿಡ್ಡ.
ಎಂಟು ಗಂಟೆಗೊಮ್ಮೆ ಸೂಜಿ, ಆರು ವಾರ,
ಬಾಯಲ್ಲಿ ಇಪ್ಪತ್ತನಾಲ್ಕು ಗಂಟೆ ತಾಮ್ರದ ರುಚಿ.
ಎಲ್ಲ ಸತ್ತವು ಅಂತ ಖಾತ್ರಿಯಾದ ಮೇಲೆ
ಮತ್ತೊಂದು ಗುಂಡು. ಆಗದಿದ್ದರೆ
ಕೀಲೇ ಇಲ್ಲದೆ, ಕೋಲು ಹಿಡಿದು, ಇರೋದು.
ಹಂಗೂ ಇರ್ತಾರೆ ಜನ, ಅಂದಳು ನುಸ್ರತ್,
ಸುಳ್ಳು ಹೇಳಲಿಲ್ಲ.

ಲೇತು ಮಾರಿದ್ದನ್ನು ಕಾಳಮ್ಮ ಇನ್ನೂ ಹೇಳಿಲ್ಲ.
ನನ್ನನ್ನು ನೋಡಲು ಬಂದ ಶೆಡ್ಡಿನ ಹುಡುಗ ಓಂಕಾರಿಯ
ಉಗುರುಸಂದಿ ಬೆಳ್ಳಗಿತ್ತು.
ನಾನೂ ಕೇಳಲಿಲ್ಲ. ಕಿತ್ತಳೆ ಸುಲಿದು ಕೊಟ್ಟ, ತಿಂದೆ.

ರಕ್ತದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೇನೆ:
ತೊಂಬತ್ತಾರು, ನಲವತ್ತು, ನಲವತ್ತಮೂರು, ಹನ್ನೊಂದು.
ಆ ಮೂರು ಹೆಚ್ಚಾದ ವಾರ ನಾನು ಯಾರೊಂದಿಗೂ ಮಾತಾಡಲಿಲ್ಲ.
ಸೊನ್ನೆಗೆ ಯಾವ ಮಿಶಿನ್ನೂ ಇಳಿಯಲ್ಲ, ಗೊತ್ತು;
ಅಷ್ಟಿಷ್ಟು ಸಡಿಲ ಬಿಟ್ಟೇ ಅಚ್ಚು ತಿರುಗೋದು.

ಆದರೂ ನಸುಕಿಗೆ, ಕಣ್ಣು ಬಿಡುವ ಮೊದಲೇ
ಬಲಗೈ ಲುಂಗಿಗೆ ಹೋಗುತ್ತದೆ.
ಒಣ.
ನಂಬಿಕೆ ಸಾಲದೆ ಅಂಗೈ ಮೂಸುತ್ತೇನೆ.
ಆರು ತಿಂಗಳು ಮುಟ್ಟಿಲ್ಲ, ಆದರೂ ಬರೀ
ಕಬ್ಬಿಣದ್ದೇ ವಾಸನೆ.